ಎಡೆಗೆ ಮೊದಲು ತೆಗೆದಿಟ್ಟ ಹೋಳಿಗೆ

ತರೀಕೆರೆ

ಪ್ರೀತಿಯ ತೀರ್ಥಕ್ಕ,

ಎದುರಿಗೆ ಹೇಳಿದರೆ ಬೈದು ಬಾಯಿ ಮುಚ್ಚಿಸುತ್ತೀರಿ, ಅದಕ್ಕೇ ನಿಮ್ಮ ಹೋಳಿಗೆ ಡಬ್ಬಿಯೊಳಗೆ ಈ ಕಾಗದ ಇಟ್ಟಿದ್ದೇನೆ.

ಕ್ರೈಸ್ತರಾದ ನಾವು ದೇವರಿಗೆ ಎಡೆ ಇಟ್ಟದ್ದನ್ನು ತಿನ್ನುವುದಿಲ್ಲವೆಂದು ಮದುವೆಯಾಗಿ ಬಂದ ಹೊಸದರಲ್ಲಿ ಹೇಳಿದ್ದೆ. ಅಂದಿನಿಂದ ಪ್ರತಿ ಯುಗಾದಿಗೂ "ಇದು ಎಡೆ ಇಟ್ಟಿದ್ದಲ್ಲ ಕಣೇ, ತಿನ್ನು" ಅಂತ ಕೊಡುತ್ತೀರಿ. ನನಗೆಂದೇ ಬೇರೆ ಮಾಡುತ್ತೀರಿ ಅಂದುಕೊಂಡಿದ್ದೆ. ನಿನ್ನೆ ನಿಮ್ಮ ಸೊಸೆ ಸಂಗೀತಾ ಬಾಯಿಬಿಟ್ಟಳು: "ಆಂಟಿ, ನಿಮ್ ಪಾಲು ತೆಗ್ದಿಟ್ಟ ಮೇಲೇ ಅತ್ತೆ ದೇವ್ರಿಗೆ ಎಡೆ ಇಡೋದು."

ಎಡೆಗೆ ಮೊದಲು ಮೊಮ್ಮಗು ಕೈಯಿಟ್ಟರೂ ಗದರುವವರಲ್ಲವೇ ನೀವು?

ಅಕ್ಕ, ಗೌರಿ ಹಬ್ಬದ ಕಡುಬನ್ನು ದೇವರಿಗೆ ಇಟ್ಟಾದ ಮೇಲೇ ನನಗೆ ಕೊಡಿ. ಯೇಸುವಿಗೆ ಸ್ತೋತ್ರ ಹೇಳಿ ತಿನ್ನುತ್ತೇನೆ, ಆತ ಬೇಡವೆನ್ನಲಾರ. ನನಗಾಗಿ ನಿಮ್ಮ ದೇವರು ಹಸಿದು ಕಾದದ್ದು ಸಾಕು.

ಪಕ್ಕದ ಮನೆಯ
ಎಸ್ತೇರ್