ಅಕ್ಕನ ದನಿ ಇರುವ ಕೊನೆಯ ದಿನ

ಮಾರ್ಚ್ ೧೧, ಮಂಗಳವಾರ

ಡಾಕ್ಟರ ಮಾತು ಇನ್ನೂ ಕೊರೆಯುತ್ತಿದೆ. "ಮೊದಲೇ ರೇಡಿಯೇಶನ್ ಕೊಟ್ಟಿದ್ದರೆ ದನಿ ಉಳಿಸಬಹುದಿತ್ತು." ನಾವು ಮೊದಲೇ ಬಂದಿದ್ದೆವು. ಸುತ್ತಲ ಜಿಲ್ಲೆಗಳಿಗೆಲ್ಲ ಇರುವುದು ಇದೊಂದೇ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ, ಅದರಲ್ಲಿ ಒಂದೇ ಮೆಷಿನ್. ನಮ್ಮ ಸರದಿ ಬರುವಷ್ಟರಲ್ಲಿ ಗಡ್ಡೆ ಬೆಳೆದಿತ್ತು. ನಾಳೆ ಬೆಳಿಗ್ಗೆ ಅಕ್ಕನ ಧ್ವನಿಪೆಟ್ಟಿಗೆಯನ್ನೇ ತೆಗೆಯುತ್ತಾರೆ.

ಬಸ್ ಕಂಡಕ್ಟರ್ ಅವಳು. ಒಮ್ಮೆ ಗದರಿದರೆ ಬಾಗಿಲಲ್ಲಿ ನೇತಾಡುವವರೆಲ್ಲ ಒಳಗೆ ಸರಿಯುತ್ತಿದ್ದರು. ಈಗ ಉಳಿದಿರುವುದು ಒಡಕು ದನಿ. ಅದನ್ನಾದರೂ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳೋಣ ಅಂದರೆ, "ನನ್ನ ಬೈಗುಳ ಇಟ್ಕೊಂಡು ಉಪ್ಪಿನಕಾಯಿ ಹಾಕ್ತೀಯೇನೆ?" ಅಂದಳು.

ಸಂಜೆ ಮಗಳಿಗೆ ಫೋನ್ ಮಾಡಿದಳು. ಮಗುವಿಗೆ ಏನೂ ಗೊತ್ತಿಲ್ಲ. ಹೇಳಕೂಡದೆಂದು ಅಕ್ಕ ನನ್ನಿಂದ ಆಣೆ ಹಾಕಿಸಿಕೊಂಡಿದ್ದಾಳೆ. ಊಟ ಮಾಡಿದ್ಯಾ, ಜಡೆ ಯಾರು ಹಾಕಿದ್ರು ಎಂದೆಲ್ಲ ಕೇಳಿದಳು. ಇನ್ನೇನೋ ಹೇಳಲು ಬಾಯಿ ತೆರೆದಳು.

"ನಾಳೆ ಮಾತಾಡೋಣಮ್ಮ, ಆಟಕ್ಕೆ ಕರೀತಿದಾರೆ," ಅಂದಿತು ಮಗು.

"ಹೋಗು ಕಂದ," ಅಂದಳು ಅಕ್ಕ.

ಆ ಕಡೆ ಫೋನ್ ಇಟ್ಟ ಮೇಲೂ ಕಿವಿಯಿಂದ ಇಳಿಸಲಿಲ್ಲ. ನಾನೇ ಮೆಲ್ಲಗೆ ಬಿಡಿಸಿಕೊಂಡೆ. ಆಮೇಲೆ ಅವಳು ಒಂದು ಮಾತೂ ಆಡಿಲ್ಲ. ಈಗ ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ, ನಿದ್ದೆ ಬಂದಿಲ್ಲವೆಂದು ನನಗೆ ಗೊತ್ತು. ಏನಾದರೂ ಮಾತಾಡಿಸಬೇಕು. ಏನು ಕೇಳಲಿ ಎಂದೇ ತೋಚುತ್ತಿಲ್ಲ.