ಅಮ್ಮನಿಗೆ ಕೊನೆಯದಾಗಿ ಒಂದು ಆಲ್ಬಮ್

ಲೇಡೀಸ್ ಹಾಸ್ಟೆಲ್, ಎರಡನೇ ಮಹಡಿ
ಮಾರ್ಚ್ ೯, ಭಾನುವಾರ

ಪ್ರೆಸ್ಸಿನ ಬೈಂಡಿಂಗ್ ಸೆಕ್ಷನ್ನಿನ ನನ್ನ ಪ್ರೀತಿಯ ಅಮ್ಮನಿಗೆ,

ಇಲ್ಲಿ ನಾನು ಆರಾಮ, ಅಲ್ಲಿ ನೀವೂ ಆರಾಮವಾಗಿದ್ದೀರಿ ಅಂದುಕೊಂಡಿದ್ದೇನೆ. ನೋಡು, ಈ ಸಾಲು ತಾನಾಗಿಯೇ ಬಂತು. ಸ್ಕೂಲ್ ಹಾಸ್ಟೆಲಿನಲ್ಲಿ ಭಾನುವಾರ ತಿಂಡಿ ಆದ ಮೇಲೆ ಎಲ್ಲರನ್ನೂ ಸ್ಟಡಿ ಹಾಲಿನಲ್ಲಿ ಕೂರಿಸಿ ಮನೆಗೆ ಪತ್ರ ಬರೆಸುತ್ತಿದ್ದರಲ್ಲ. ವಾರ್ಡನ್ ಓದಿ ಸಹಿ ಹಾಕಿದ ಮೇಲೇ ಕವರು ಅಂಟಿಸಬೇಕಿತ್ತು. ಹಾಗಾಗಿ ಅಷ್ಟೂ ವರ್ಷ ನಾನು ನಿನ್ನ ಪಾಲಿಗೆ ಆರಾಮವಾಗಿಯೇ ಇದ್ದೆ. ಇದನ್ನು ಯಾರೂ ಓದಿ ಸಹಿ ಹಾಕುವುದಿಲ್ಲ. ಆದ್ದರಿಂದ ಆ ಮೊದಲ ಸಾಲನ್ನು ವಾಪಸ್ ತೆಗೆದುಕೊಳ್ಳುತ್ತೇನೆ.

ಮೆಸೇಜ್ ಹಾಕಬಹುದಿತ್ತು, ಗೊತ್ತು. ಟೈಪ್ ಮಾಡಿ, ಅಳಿಸಿ, ಮತ್ತೆ ಟೈಪ್ ಮಾಡಿ, ಕೊನೆಗೆ ಒಂದು ಹೆಬ್ಬೆರಳಿನ ಚಿತ್ರ ಕಳಿಸುವುದೇ ಆಗಿದೆ. ಫೋನ್ ಮಾಡಿದರೆ ನೀನು ಕಟ್ ಮಾಡುತ್ತೀಯ. "ಮಾತು ತಲೆಗೆ ಹೊಡೆದಂಗಾಗುತ್ತೆ ಪುಟ್ಟಿ, ಮೆಸೇಜ್ ಹಾಕು" ಎಂದು ಬರೆದೆ. ನಿಜ ಹೇಳಬೇಕೆಂದರೆ ನನಗೆ ಬೇಜಾರಾಯಿತು. ಯಾವನೋ ಒಬ್ಬ ಗಂಟಲು ಹರಿದುಕೊಂಡು ಒಂದು ಗಂಟೆ ಕಿರುಚಿದರೆ ನಿನ್ನ ತಲೆಗೆ ಏನೂ ಆಗುವುದಿಲ್ಲ, ಮಗಳು ಊಟ ಆಯ್ತಾ ಅಂತ ಕೇಳಿದರೆ ಹೊಡೆಯುತ್ತದಾ?

ಸಾರಿ. ಜಗಳಕ್ಕೆ ಬರೆಯುತ್ತಿಲ್ಲ.

ಆಪರೇಷನ್ ಇಪ್ಪತ್ತೊಂದಕ್ಕೆ ಎಂದು ಅಪ್ಪ ಹೇಳಿದರು. ಎಡಗಿವಿ ಹೇಗೂ ನೀನು ಚಿಕ್ಕವಳಿದ್ದಾಗಲೇ ಜ್ವರಕ್ಕೆ ಹೋಗಿದೆ. ಈಗ ಬಲಗಿವಿಯ ನರದ ಮೇಲೆ ಕೂತ ಗಡ್ಡೆಯನ್ನು ತೆಗೆದರೆ ಅದರ ಜೊತೆ ಕೇಳಿಸುವುದೂ ಹೋಗುತ್ತದೆ. ತೆಗೆಯದಿದ್ದರೆ... ಅಪ್ಪ ಅದನ್ನು ಪೂರ್ತಿ ಹೇಳಲಿಲ್ಲ, ನಾನೂ ಪೂರ್ತಿ ಬರೆಯುವುದಿಲ್ಲ. ಕಿವಿಗೆ ಮೆಷಿನ್ ಹಾಕಿಸಬಹುದಲ್ಲ ಎಂದೆ. ಸುದ್ದಿ ಒಳಗೆ ಒಯ್ಯುವ ನರವೇ ಇಲ್ಲದ ಮೇಲೆ ಮೆಷಿನ್ ಯಾರಿಗೆ ಹೇಳಬೇಕಮ್ಮ ಎಂದರಂತೆ ಡಾಕ್ಟರ್. ಅದೇ ಸಂಜೆ ನಿನ್ನ ಮೆಸೇಜ್ ಬಂತು: "ಕೊನೇದಾಗಿ ಯಾವುದು ಕೇಳಲಿ, ನೀನೇ ಹೇಳು. ಆಸ್ಪತ್ರೆಗೆ ಹೋಗೋ ಬೆಳಗ್ಗೆ ಅದನ್ನ ಕೇಳಿ ಹೊರಡ್ತೀನಿ."

ಇಷ್ಟು ದೊಡ್ಡ ಕೆಲಸವನ್ನು ನನಗೆ ಯಾರೂ ಕೊಟ್ಟಿಲ್ಲ. ಲ್ಯಾಬಿನಲ್ಲಿ ಟೆಸ್ಟ್ ಟ್ಯೂಬ್ ಹಿಡಿಯಲು ಕೊಟ್ಟರೂ ನಾನು ಪಕ್ಕದವಳಿಗೆ ದಾಟಿಸಿಬಿಡುತ್ತೇನೆ.

ನಮ್ಮಿಬ್ಬರಿಗೂ ಈ ಹುಚ್ಚು ಹಿಡಿಸಿದ್ದು ಗೂಬೆ ಅಕ್ಕ, ನೆನಪಿದೆಯಾ? ಮುಖಕ್ಕಿಂತ ದೊಡ್ಡ ಕನ್ನಡಕದ ಆ ಸೀನಿಯರ್. ನಾನು ಬಟ್ಟೆ ಒಣಹಾಕುವ ಟೆರೇಸಿನಲ್ಲಿ ಬೆಡ್‌ಶೀಟಿನ ಮರೆಯಲ್ಲಿ ಕೂತು ಅಳುತ್ತಿದ್ದೆ. ಏನಾಯ್ತು ಎತ್ತ ಎಂದು ಕೇಳದೆ, ಕದ್ದು ಇಟ್ಟುಕೊಂಡಿದ್ದ ಪ್ಲೇಯರಿನ ಒಂದು ಇಯರ್‌ಫೋನನ್ನು ನನ್ನ ಕಿವಿಗೆ ತುರುಕಿದಳು. ಬ್ಲ್ಯಾಕ್ ಮೆಟಲ್ ಅನ್ನುವ ಅಬ್ಬರದ ಸಂಗೀತ. ಒಬ್ಬ ಮನುಷ್ಯ ಇಷ್ಟು ಜೋರಾಗಿ ಕಿರುಚುತ್ತಿದ್ದರೂ ಯಾರೂ ಬಂದು "ಸೈಲೆನ್ಸ್!" ಅನ್ನುತ್ತಿಲ್ಲವಲ್ಲ ಎಂದು ನನಗೆ ಆಶ್ಚರ್ಯ. ಅಳು ನಿಂತು ಹೋಯಿತು. ನನ್ನ ಬದಲಿಗೆ ಅವನೇ ಅಳುತ್ತಿದ್ದನಲ್ಲ.

ಆಮೇಲೆ ವಾರ್ಡನ್ ನನ್ನ ಕಂಪಾಸ್ ಬಾಕ್ಸಿನ ಮೇಲೆ ತಲೆಬುರುಡೆ ನೋಡಿ ನಿನಗೆ ಫೋನ್ ಮಾಡಿದರು. ನಿಮ್ಮ ಮಗಳು ದೆವ್ವದ ಹಾಡು ಕೇಳ್ತಾಳೆ ಎಂದರು. ನೀನು "ಯಾವ ದೆವ್ವ ಅಂತ ನಾನೂ ಕೇಳಿ ಹೇಳ್ತೀನಿ ಮೇಡಂ" ಅಂದೆಯಲ್ಲ, ಆ ಮಾತಿಗೆ ನಾನು ಇವತ್ತಿಗೂ ನಿನ್ನ ಕಾಲಿಗೆ ಬೀಳಬೇಕು. ನಾನು ರಜೆಗೆ ಬಂದಾಗ ನೀನು ಬಟಾಣಿ ಸುಲಿಯುತ್ತಾ ಇಡೀ ಆಲ್ಬಮ್ ಕೇಳಿದೆ. ನಾನು ಉಗುರು ಕಚ್ಚುತ್ತಾ ನಿನ್ನ ಮುಖ ನೋಡುತ್ತಾ ಕೂತಿದ್ದೆ. ಮುಗಿದ ಮೇಲೆ ಸಿಪ್ಪೆ ಕೊಡವಿ ಎದ್ದು, "ದೆವ್ವನೂ ಅಲ್ಲ ಗಿವ್ವನೂ ಅಲ್ಲ ಕಣೇ, ಇದು ನಮ್ಮ ಪ್ರೆಸ್ಸು. ಕಟಿಂಗ್ ಮೆಷಿನ್‌ಗೆ ಎಣ್ಣೆ ಬಿಟ್ಟಿಲ್ಲ ಅಷ್ಟೆ" ಅಂದೆ.

ಅಲ್ಲಿಂದ ವಾರಕ್ಕೊಂದು. ಬೇರೆ ಮಕ್ಕಳು ಅಮ್ಮನಿಗೆ ಏನೇನು ಹೇಳುತ್ತಾರೋ ನನಗೆ ಗೊತ್ತಿಲ್ಲ. ಹತ್ತನೇ ವಯಸ್ಸಿಗೆ ಮನೆ ಬಿಟ್ಟವಳು, ರಜೆಗೆ ಬಂದರೆ ಮೊದಲೆರಡು ದಿನ ನಾವಿಬ್ಬರೂ ನೆಂಟರ ಹಾಗೆ ಟೀ ಬೇಕಾ, ಫ್ಯಾನ್ ಹಾಕಲಾ ಅಂತಿದ್ದೆವು. ಆಲ್ಬಮ್ಮಿನ ವಿಷಯ ಬಂದರೆ ಮಾತ್ರ ಬಾಯಿ ಬಿಚ್ಚುತ್ತಿತ್ತು. ಬ್ಯಾಂಡಿನ ಹೆಸರು ನಿನ್ನ ನಾಲಿಗೆಗೆ ಹೊರಳುತ್ತಿರಲಿಲ್ಲ, ಅದಕ್ಕೆ ನೀನೇ ನಾಮಕರಣ ಮಾಡುತ್ತಿದ್ದೆ. ನೆಲಮಾಳಿಗೆಯಲ್ಲಿ ರೆಕಾರ್ಡ್ ಮಾಡಿದ ಆ ಇಬ್ಬರು ಅಣ್ಣತಮ್ಮಂದಿರ ಬ್ಲ್ಯಾಕ್ ಮೆಟಲ್ "ಬಾವಿ". ಫಿಡಲು, ಪೀಪಿ, ಹತ್ತು ಜನರ ಕೂಗು ಎಲ್ಲ ಸೇರಿದ ಫೋಕ್ ಮೆಟಲ್ "ಮದುವೆಮನೆ", ಬ್ಯಾಂಡಿನವರಿಗೂ ಅಡುಗೆಯವರಿಗೂ ಜಗಳ ಹತ್ತಿಕೊಂಡ ಹಾಗಿದೆ ಎಂದು. ಮತ್ತೆ ನಿನ್ನ ಫೇವರಿಟ್, ಆ ಒಂದು ಗಂಟೆ ತೆವಳುವ ಡೂಮ್ ಮೆಟಲ್. ಅದು "ಬೀರು". "ಪಾಪ, ಒಬ್ಬನೇ ಕಬ್ಬಿಣದ ಬೀರು ಸರಿಸ್ತಾ ಇದಾನೆ. ಒಂದು ಸಲ ದಬ್ಬುತಾನೆ, ನಿಂತು ಸುಧಾರಿಸಿಕೊಳ್ತಾನೆ. ಯಾರೂ ಕೈ ಹಾಕಲ್ವಲ್ಲೇ" ಎಂದು ಮರುಗಿದ್ದೆ. ಮಾರನೇ ವಾರ ನೀನೇ ಫೋನ್ ಮಾಡಿ ಹಲೋ ಅನ್ನುವ ಮೊದಲೇ ಬೀರು ಗೋಡೆ ಮುಟ್ಟಿತಾ ಅಂತ ಕೇಳಿದೆ. ಡೂಮ್ ಮೆಟಲ್ ಅಂದರೆ ಏನು ಎಂದು ನಾನು ಇಂಟರ್ನೆಟ್ಟಿನಲ್ಲಿ ಎಷ್ಟೋ ಓದಿದ್ದೇನೆ, ಇದಕ್ಕಿಂತ ಚೆನ್ನಾಗಿ ಯಾರೂ ಬರೆದಿಲ್ಲ.

ಕಳೆದ ವರ್ಷದ್ದನ್ನು ಬರೆಯುವುದು ಬೇಡ ಅಂದುಕೊಂಡಿದ್ದೆ. ಆದರೆ ಅದನ್ನು ಬಿಟ್ಟರೆ ಈ ಪತ್ರವೂ ವಾರ್ಡನ್ ಓದಿದ ಪತ್ರದ ಹಾಗಾಗುತ್ತದೆ. ಹೋದ ಬೇಸಿಗೆಯಿಂದಲೇ ನೀನು ಹೇಳುತ್ತಿದ್ದೆ, ಈಗಿನವು ಎಲ್ಲ ಗೋಣಿಚೀಲದೊಳಗಿಂದ ಹಾಡಿದಂಗಿದೆ, ಮೇಲಿನ ಸದ್ದೇ ಇಲ್ಲ ಎಂದು. ನಾನು ಖುಷಿಪಟ್ಟೆ! ಅದು ಹಾಗೇ ಇರಬೇಕಮ್ಮ, ಬೇಕಂತಲೇ ಹಾಳಾಗಿ ರೆಕಾರ್ಡ್ ಮಾಡ್ತಾರೆ, ಅದೇ ಸ್ಟೈಲು ಎಂದೆ. ಆಲ್ಬಮ್ ಮುಗಿದ ಮೇಲೂ ಸುಯ್ ಅಂತ ಕೇಳ್ತಾ ಇರುತ್ತೆ ಎಂದು ನೀನು ಅಂದೆ. ಅದು ಟೇಪಿನ ಸದ್ದು, ಅದಕ್ಕೋಸ್ಕರವೇ ಜನ ಹುಡುಕಿಕೊಂಡು ಹೋಗ್ತಾರೆ ಎಂದೆ ನಾನು. ನೀನು ಸಿನಿಮಾ ಹಾಡು ಕೇಳುವವಳಾಗಿದ್ದರೆ ಮೊದಲ ವಾರವೇ ಸ್ಪೀಕರ್ ಕೆಟ್ಟಿದೆ ಅನ್ನುತ್ತಿದ್ದೆ, ಎರಡನೇ ವಾರ ಕಿವಿ ಕೆಟ್ಟಿದೆ ಅನ್ನುತ್ತಿದ್ದೆ, ಮೂರನೇ ವಾರ ಡಾಕ್ಟರ ಹತ್ತಿರ ಇರುತ್ತಿದ್ದೆ. ಗಡ್ಡೆ ಸಾಸಿವೆಯಷ್ಟಿರುತ್ತಿತ್ತು. ಬೇರೆ ಯಾವ ತಾಯಿ ಮಗಳಿಗೂ ಇದು ಆಗುತ್ತಿರಲಿಲ್ಲ. ಅಪ್ಪ ಹೇಳಿದರು, ಯಾಕೆ ಇಷ್ಟು ತಡ ಮಾಡಿದ್ರಿ ಎಂದು ಡಾಕ್ಟರ್ ಗದರಿದಾಗ ನೀನು "ನಮ್ಮ ಮಗಳು ಅದು ಹಾಗೇ ಇರಬೇಕು ಅಂದಳು ಡಾಕ್ಟ್ರೇ" ಅಂದೆಯಂತೆ. ಡಾಕ್ಟರ್ ಅಪ್ಪನ ಮುಖ ನೋಡಿದರಂತೆ. ಅಪ್ಪ ಗೋಡೆ ನೋಡಿದರಂತೆ. ಇದನ್ನು ಹೇಳಿ ಅಪ್ಪ ನಕ್ಕರು. ನನಗೆ ನಗು ಬರಲಿಲ್ಲ.

ಸರಿ, ಈಗ ಕೆಲಸಕ್ಕೆ ಬರುತ್ತೇನೆ.

"ಬಾವಿ" ಬೇಡ, ಅದರ ತುಂಬ ಟೇಪಿನ ಸುಯ್. ಮುಂದೆ ನಿನಗೆ ಉಳಿಯುವುದೇ ಆ ಸುಯ್ ಎನ್ನುವ ಸದ್ದು ಅಂತ ಡಾಕ್ಟರ್ ಹೇಳಿದ್ದಾರೆ, ಅದನ್ನೇ ಕೇಳಿಕೊಂಡು ಯಾಕೆ ಹೋಗುತ್ತೀಯ. "ಮದುವೆಮನೆ" ಹಾಕಿದರೆ ನೀನು ಪಾತ್ರೆ ತೊಳೆಯುತ್ತಾ ಸೊಂಟ ಕುಣಿಸುತ್ತೀಯ, ಅಪ್ಪ "ಥೂ, ಮಗಳ ಮುಂದೆ" ಅನ್ನುತ್ತಾರೆ. ಅದನ್ನೇ ಹೇಳೋಣ ಎಂದು ಎರಡು ದಿನ ತೀರ್ಮಾನ ಮಾಡಿದ್ದೆ. ಆಮೇಲೆ ಅನಿಸಿತು, ಆಸ್ಪತ್ರೆಗೆ ಹೊರಡುವವಳ ಕೈಗೆ ಬಲೂನ್ ಕೊಟ್ಟ ಹಾಗಾಗುತ್ತದೆ. "ಬೀರು" ಕೊಡೋಣ ಎಂದರೆ ಅದರ ಕೊನೆಯ ಹಾಡು ನಿಧಾನವಾಗಿ ಕರಗಿ ಹೋಗುತ್ತದೆ. ಎಲ್ಲಿ ನಿಂತಿತು ಎಂದೇ ಗೊತ್ತಾಗುವುದಿಲ್ಲ. ಅದು ಮುಗಿಯಿತೋ, ನಿನ್ನ ಕಿವಿ ಮುಗಿಯಿತೋ ಎಂದು ನೀನು ಹಾಗೇ ಕೂತಿರುತ್ತೀಯ. ಅದೂ ಬೇಡ.

ಯಾವುದು ಆರಿಸಲಿ ಎಂದು ಕೇಳಲು ಇಲ್ಲಿ ಯಾರೂ ಇಲ್ಲ ಅಮ್ಮ. ಗೂಬೆ ಅಕ್ಕನ ನಂಬರ್ ಬದಲಾಗಿದೆ. ಪಕ್ಕದ ಮಂಚದವಳಿಗೆ ಒಂದು ಸಲ ಇಯರ್‌ಫೋನ್ ಕೊಟ್ಟೆ. ಅರ್ಧ ನಿಮಿಷಕ್ಕೆ ತೆಗೆದು, ಒರೆಸಿ, ವಾಪಸ್ ಕೊಟ್ಟಳು. ಒರೆಸಿದ್ದು ಯಾಕೋ. ಆಕ್ಚುಲಿ ನಾನು ಕ್ಲಾಸಿಗೂ ಸರಿಯಾಗಿ ಹೋಗುತ್ತಿಲ್ಲ. ಹಾಜರಿ ಕರೆಯುವಾಗ ಎಸ್ ಮ್ಯಾಮ್ ಅನ್ನಲು ನನಗೆ ಆಗುವುದೇ ಇಲ್ಲ, ಹಾಗಾಗಿ ನನ್ನ ಹೆಸರು ಬರುವ ಮೊದಲೇ ಬ್ಯಾಗ್ ಎತ್ತಿಕೊಂಡು ಹೊರಗೆ ಬಂದುಬಿಡುತ್ತಿದ್ದೆ. ಅದಕ್ಕಿಂತ ಹೋಗದೇ ಇರುವುದು ವಾಸಿ ಅನಿಸಿಬಿಟ್ಟಿದೆ. ಪರೀಕ್ಷೆಗೆ ಕೂರಿಸುತ್ತಾರೋ ಇಲ್ಲವೋ. ಬೈಯಬೇಡ. ಬೈದರೂ ಪರವಾಗಿಲ್ಲ, ಬಾಯಲ್ಲಿ ಬೈದರೆ.

ಕ್ಲಾಸಿನ ಹೊತ್ತಿನಲ್ಲಿ ನಾನು ಹೋಗಿ ಕೂರುವುದು ಕಾಲೇಜಿನ ಆಡಿಯೋ ರೂಮಿನಲ್ಲಿ. ಹಳೆಯ ಟೇಪ್ ಡೆಕ್ ಇದೆ, ಯಾರೂ ಬರುವುದಿಲ್ಲ. ಹೋದ ಭಾನುವಾರ ನಿನಗೆ ಕಳಿಸಿದೆನಲ್ಲ, ಆ ಇನ್ನೊಂದು ಡೂಮ್ ಆಲ್ಬಮ್, ಅದು ಕ್ಯಾಸೆಟ್ಟಿನಲ್ಲಿ ಮಾತ್ರ ಇರುವಂಥದ್ದು. ಒಬ್ಬನೇ ಮಾಡಿದ್ದು, ಹೆಸರು ಕೂಡ ಹಾಕಿಕೊಂಡಿಲ್ಲ. ಹಳೇ ಪುಸ್ತಕದ ಅಂಗಡಿಯವರು ಒಂದು ರಟ್ಟಿನ ಡಬ್ಬದಿಂದ ತೆಗೆದು ಕೊಟ್ಟರು. ಡೆಕ್ಕಿನಲ್ಲಿ ಹಾಕಿ, ಲ್ಯಾಪ್‌ಟಾಪಿಗೆ ವೈರ್ ಜೋಡಿಸಿ, ಪೂರ್ತಿ ಓಡಿಸಿ ನಿನಗಾಗಿ ಕಾಪಿ ಮಾಡಿದೆ.

ಅದಕ್ಕೆ ನೀನು ಬರೆದಷ್ಟು ಉದ್ದ ಮೆಸೇಜ್ ಯಾವತ್ತೂ ಬರೆದಿಲ್ಲ. "ಈ ಸಲದ್ದು ತುಂಬಾ ಚೆನ್ನಾಗಿದೆ. ಸ್ಪಷ್ಟವಾಗಿ ಕೇಳಿಸ್ತು. ಡ್ರಮ್ಮಿನವನು ಅವಸರ ಮಾಡಲ್ಲ, ಒಳ್ಳೆ ಮನುಷ್ಯ. ಕೊನೇಲಿ ಒಂದು ಕೊಳಲು ಬರುತ್ತಲ್ಲ, ಅಲ್ಲಿ ಅಳು ಬಂದುಬಿಡ್ತು." ನಾನು ಅದನ್ನು ಎಷ್ಟು ಸಲ ಓದಿದೆನೋ. ಸ್ಪಷ್ಟವಾಗಿ ಕೇಳಿಸ್ತು! ಹಾಗಾದರೆ ಇನ್ನೂ ಅಷ್ಟು ಉಳಿದಿದೆ. ಕೊಳಲು ನನ್ನ ಗಮನಕ್ಕೇ ಬಂದಿರಲಿಲ್ಲ, ಡೆಕ್ಕಿನ ಸ್ಪೀಕರ್ ಗೊರಗೊರ ಅನ್ನುತ್ತದೆ. ಅಥವಾ ಒಂದೇ ಕಿವಿಯಲ್ಲಿ ನಿನಗೆ ಕೇಳಿಸುವುದು ನನಗೆ ಎರಡರಲ್ಲೂ ಕೇಳಿಸುವುದಿಲ್ಲ.

ಆದ್ದರಿಂದ ಇದೇ ನನ್ನ ರೆಕಮಂಡೇಷನ್. ಇಪ್ಪತ್ತೊಂದರ ಬೆಳಗ್ಗೆ ಅದನ್ನೇ ಕೇಳು. ತಾನೇ ಅಳು ತರಿಸಿ, ತಾನೇ ನಿಲ್ಲಿಸುವಂಥದ್ದು ಅದೊಂದೇ. ನಾನು ಹಿಂದಿನ ದಿನವೇ ಬರುತ್ತೇನೆ. ಇಬ್ಬರೂ ಒಟ್ಟಿಗೆ ಕೇಳೋಣ, ಒಂದು ಇಯರ್‌ಫೋನ್ ನಿನಗೆ, ಒಂದು ನನಗೆ. ಕೊಳಲು ಬಂದಾಗ ನನ್ನ ಕೈ ಹಿಡಿದು ಒತ್ತು, ನನಗೂ ಗೊತ್ತಾಗಲಿ.

ಅಪ್ಪನಿಗೆ ಕೆಮ್ಮಿನ ಔಷಧಿ ಮರೆಯಬೇಡಿ ಎಂದು ಹೇಳು.

ನಿನ್ನ
ಪುಟ್ಟಿ

ಮರೆತ ಮಾತು: ಪತ್ರ ಮಡಿಸುವ ಮೊದಲು ಆ ಕೊಳಲನ್ನು ಒಂದು ಸಲ ಕೇಳೋಣವೆಂದು ನಿನಗೆ ಕಳಿಸಿದ ಕಾಪಿಯನ್ನೇ ಹಾಕಿದೆ. ಏನೂ ಕೇಳಿಸಲಿಲ್ಲ. ನನ್ನ ಇಯರ್‌ಫೋನ್ ಹೋಗಿದೆ ಎಂದುಕೊಂಡು ಪಕ್ಕದವಳದು ಇಸಿದುಕೊಂಡೆ. ಆಮೇಲೆ ಲ್ಯಾಪ್‌ಟಾಪಿನ ಪರದೆಯಲ್ಲಿ ನೋಡಿದೆ. ಸದ್ದು ಇದ್ದರೆ ಗೆರೆ ಗುಡ್ಡದ ಹಾಗೆ ಏರಿ ಇಳಿಯಬೇಕು. ಮೊದಲಿಂದ ಕೊನೆಯವರೆಗೆ ಸ್ಕೇಲ್ ಇಟ್ಟು ಎಳೆದ ಹಾಗಿದೆ. ವೈರನ್ನು ತಪ್ಪು ತೂತಿಗೆ ಹಾಕಿದ್ದೆ ಅಮ್ಮ. ಡೆಕ್ಕಿನಿಂದ ನನಗೆ ಕೇಳಿಸುತ್ತಿತ್ತು, ಲ್ಯಾಪ್‌ಟಾಪಿಗೆ ಒಂದು ಚೂರೂ ಹೋಗಿಲ್ಲ. ಅದರಲ್ಲಿ ಡ್ರಮ್ಮಿಲ್ಲ. ಕೊಳಲಿಲ್ಲ. ಸುಯ್ ಕೂಡ ಇಲ್ಲ.

ಅಳು ಬಂತು ಎಂದು ಬರೆದಿದ್ದೆಯಲ್ಲ, ಅದೊಂದು ನಿಜವಿರಬೇಕು.

ಯಾವಾಗಿನಿಂದ ನಿನಗೆ ಕೇಳಿಸುತ್ತಿಲ್ಲ? ಫೋನ್ ಕಟ್ ಮಾಡಲು ಶುರು ಮಾಡಿದಾಗಿನಿಂದಲಾ? ಅಪ್ಪನಿಗೆ ಗೊತ್ತಾ? ಹಾಗಾದರೆ ನೀನು ಕೊನೆಯದಾಗಿ ನನ್ನಿಂದ ಕೇಳಿಸಿಕೊಂಡಿದ್ದು, ಅದಕ್ಕೂ ಹಿಂದಿನ ಫೋನಿನಲ್ಲಿ ನಾನು ಅಂದ ಮಾತು. ಎಷ್ಟು ಯೋಚಿಸಿದರೂ ಬೇರೆ ಏನೂ ನೆನಪಾಗುತ್ತಿಲ್ಲ. "ಕ್ಲಾಸಿಗೆ ಹೊತ್ತಾಯ್ತಮ್ಮ, ಆಮೇಲೆ ಮಾಡ್ತೀನಿ" ಅಂದು ಇಟ್ಟೆ. ಕ್ಲಾಸಿರಲಿಲ್ಲ.