ಒಂಬತ್ತು ಗಂಟೆಯ ತಟ್ಟೆ

ಕ್ರೋಂಪೇಟೆ, ಚೆನ್ನೈ
ಜುಲೈ 12, 2024, ಶುಕ್ರವಾರ

ಅಕ್ಷಯಾ, ನನ್ನ ಬಂಗಾರಿ,

ಹೊಟ್ಟೆ ತುಂಬ ಉಂಡು ಕೂತು ಬರೆಯುತ್ತಿದ್ದೇನೆ. ನೀನೂ ಊಟ ಮಾಡಿಯೇ ಇದನ್ನು ಓದು.

ಫೋನಿನಲ್ಲಿ ಏನು ಕೇಳಿದರೂ "ಒಣ್ಣೂ ಇಲ್ಲ ಮಾ, ಲೇಸಾ ಎದೆ ಉರಿ" ಎನ್ನುತ್ತೀಯ, ಏನೂ ಇಲ್ಲವಂತೆ, ಒಂಚೂರು ಉರಿಯಂತೆ. ಹಿಂದೆ ನಿಮ್ಮತ್ತೆ ಪಾತ್ರೆ ಇಡುವ ಸದ್ದು ಕೇಳುತ್ತಿರುತ್ತದೆ. ಅದಕ್ಕೇ ಈ ಪತ್ರ. ನಿನ್ನ ಅತ್ತೆಮನೆಯವರಿಗೆ ಮಾತು ಕನ್ನಡವಾದರೂ ಅಕ್ಷರ ತಮಿಳಿನದೇ. ಬೇಸಿಗೆ ರಜೆಯಲ್ಲಿ ಬೈದು ಬೈದು ನಿನಗೆ ಕಲಿಸಿದ ಕನ್ನಡ ಅಕ್ಷರ ಇವತ್ತು ಉಪಯೋಗಕ್ಕೆ ಬಂತು. ತಿರುವೊಟ್ಟಿಯೂರಿನ ಆ ಮನೆಯಲ್ಲಿ ಇದನ್ನು ಓದಬಲ್ಲವಳು ನೀನೊಬ್ಬಳೇ.

ನೆಲ್ಲಿಕಾಯಿ, ಜ್ಯೇಷ್ಠಮಧುವಿನ ಪುಡಿಯನ್ನು ಅತ್ತೆಗೆ ತಿಳಿಯದ ಹಾಗೆ ಕಳಿಸು ಎಂದು ಮೆಸೇಜು ಹಾಕಿದ್ದೀಯ. ಅಪ್ಪನ ಕೈಯಲ್ಲಿ ಕಳಿಸುತ್ತಿದ್ದೇನೆ. ಆದರೆ ಬರೀ ಪುಡಿ ಕಳಿಸಿ ಸುಮ್ಮನಿರಲಾರೆ. ನನಗೆ ವಾಸಿಯಾದದ್ದು ಪುಡಿಯೊಂದರಿಂದಲೇ ಅಲ್ಲ.

ನೀನು ಹಾಸ್ಟೆಲಿನಲ್ಲಿದ್ದ ವರ್ಷ ನನ್ನ ಹುಳಿತೇಗು ಗಂಟಲಿಗೇ ಬರುತ್ತಿತ್ತು. ಹುಣ್ಣೇನೂ ಇಲ್ಲ ಎಂದು ಡಾಕ್ಟರು ಪರೀಕ್ಷೆ ಮಾಡಿ ಹೇಳಿದ ಮೇಲೆ ಅಪ್ಪ ನನ್ನನ್ನು ಕೀಲ್ಪಾಕ್‌ನ ಶ್ರೀನಾಥ್ ವೈದ್ಯರ ಹತ್ತಿರ ಕರೆದುಕೊಂಡು ಹೋದರು. ಒಳ್ಳೆಯ ಮನುಷ್ಯ. ಹುಣಸೆಹುಳಿ, ಒಣಮೆಣಸಿನಕಾಯಿ, ಖಾಲಿ ಹೊಟ್ಟೆಯ ಕಾಫಿ ಎಲ್ಲ ಬಿಡಿ ಎಂದರು. ಹಳೆ ಅಕ್ಕಿಯ ಅನ್ನ, ಹೆಸರುಬೇಳೆ ತೊವ್ವೆ, ಬೂದುಗುಂಬಳ ತಿನ್ನಿ, ರಾತ್ರಿ ನೆನೆಸಿದ ಕೊತ್ತಂಬರಿ ಬೀಜದ ನೀರಿಗೆ ಕಲ್ಲುಸಕ್ಕರೆ ಹಾಕಿ ಕುಡಿಯಿರಿ ಎಂದರು. ನಾಲಿಗೆ ಮಡಿಚಿ ಉಸಿರೆಳೆಯುವ ಶೀತಲಿ ಕಲಿಸಿದರು. ಕೊನೆಗೆ ನನ್ನ ಕಡೆ ನೋಡಿ, ಊಟ ಎಷ್ಟು ಹೊತ್ತಿಗೆ ಎಂದು ಕೇಳಿದರು.

ಉತ್ತರ ಕೊಟ್ಟವರು ನಿಮ್ಮಪ್ಪ. "ನಮ್ಮನೇಲಿ ಬೆಳಿಗ್ಗೆ ಒಂಬತ್ತಕ್ಕೆಲ್ಲಾ ಊಟ ಮುಗ್ದೋಗತ್ತೆ ಸಾರ್, ಕರೆಕ್ಟ್ ಟೈಮು" ಎಂದರು. ಸುಳ್ಳು ಹೇಳಲಿಲ್ಲ, ಪಾಪ. ಅವರು ಉಂಡರೆ ಮನೆಯೇ ಉಂಡಂತೆ ಎಂದು ನಿಜವಾಗಿಯೂ ನಂಬಿದ್ದರು. ವೈದ್ಯರು ಸಂತೋಷದಿಂದ ಬರೆದುಕೊಂಡರು. ಹೀಗೆ ಅಪ್ಪನ ಊಟದ ಹೊತ್ತನ್ನು ಹೇಳಿ ನನ್ನ ಹೊಟ್ಟೆಗೆ ಮದ್ದು ತಂದೆವು.

ನನ್ನ ಊಟ ಎಷ್ಟು ಹೊತ್ತಿಗೆ ಎಂದು ನಿನಗೆ ಗೊತ್ತು. ತಾತನ ಪೂಜೆ ಮುಗಿಯಬೇಕು, ನೈವೇದ್ಯವಾಗಬೇಕು, ಅವರು ಉಂಡು ಏಳಬೇಕು, ನೆಲ ಸಾರಿಸಬೇಕು. ಆಗ ಮಧ್ಯಾಹ್ನ ಎರಡೂವರೆ. ಅಪ್ಪನಿಗೆ ಮಾತ್ರ ಆಫೀಸಿನ ಹೆಸರಲ್ಲಿ ರಿಯಾಯಿತಿ. ನಮ್ಮ ಮನೆಯ ದೇವರು ಲೋಕಲ್ ಟ್ರೈನಿನ ಹೊತ್ತನ್ನು ಒಪ್ಪಿಕೊಂಡಿದ್ದ, ನನ್ನ ಹೊಟ್ಟೆಯ ಹೊತ್ತನ್ನು ಒಪ್ಪಿರಲಿಲ್ಲ. ಊಟವಾದ ಮೇಲೆ ವಜ್ರಾಸನದಲ್ಲಿ ಕೂರಿ ಎಂದಿದ್ದರು ವೈದ್ಯರು. ಉಂಡ ಮೇಲೆ ನನಗಿದ್ದದ್ದು ಪಾತ್ರೆ ತೊಳೆಯುವ ಆಸನ.

ಪಥ್ಯ ಮಾಡಿದೆ, ಪುಡಿ ನುಂಗಿದೆ. ಉರಿ ಸ್ವಲ್ಪ ತಗ್ಗಿ ಮತ್ತೆ ಹಾಗೇ ಏರಿತು. ಒಂದು ಬೆಳಿಗ್ಗೆ ಒಲೆಯ ಮುಂದೆ ಕಣ್ಣು ಕತ್ತಲೆ ಬಂದು ಕಟ್ಟೆ ಹಿಡಿದು ನಿಂತೆ. ಎಲ್ಲರಿಗೂ ಬೇಯಿಸಿದ ಅನ್ನ ಎದುರಿಗಿತ್ತು. ನನಗೆ ಕೋಪ ಬಂತು ಅಕ್ಷಯಾ. ಅಷ್ಟು ಕೋಪ ಹುಟ್ಟಿದಾರಭ್ಯ ಬಂದಿರಲಿಲ್ಲ. ಒಂಬತ್ತು ಗಂಟೆಗೆ ಅಪ್ಪನ ತಟ್ಟೆಯ ಪಕ್ಕ ನನ್ನ ತಟ್ಟೆ ಇಟ್ಟುಕೊಂಡು ಕೂತೆ.

ಅಪ್ಪ ಎರಡನೆಯ ಸಲ ಅನ್ನಕ್ಕೆ ಕಾದರು. ಸೌಟು ಅಲ್ಲೇ ಇದೆ, ಹಾಕಿಕೊಳ್ಳಿ ಎಂದೆ. ತಾತ ಬಾಗಿಲಲ್ಲಿ ನಿಂತು, "ನೈವೇದ್ಯ ಆಗ್ಲಿಲ್ಲ, ಏನಮ್ಮಾ ಇದು" ಎಂದರು. ಹಸಿವು ಮಾವಯ್ಯ ಎಂದೆ, ಕೈ ಮಾತ್ರ ನಿಲ್ಲಿಸಲಿಲ್ಲ. ಅವತ್ತು ಅವರು ಬರೀ ಹಾಲು ಕುಡಿದು ಮಲಗಿದರು. ಪಾಪ ಅನ್ನಿಸಿತು. ಮಾರನೆಯ ದಿನವೂ ಒಂಬತ್ತಕ್ಕೇ ಉಂಡೆ. ಅಪ್ಪ ಒಂದು ವಾರ ಮುಖ ಊದಿಸಿಕೊಂಡಿದ್ದರು. ಊದಿಕೊಂಡದ್ದು ಇಳಿಯದೆ ಎಲ್ಲಿ ಹೋಗುತ್ತದೆ.

ಈಗ ತಾತನ ಪೂಜೆ ಎಂಟೂವರೆಗೇ ಮುಗಿಯುತ್ತದೆ. ಪೂಜೆ ಎಂದೂ ಉದ್ದವಿರಲಿಲ್ಲ. ಅದಕ್ಕೆ ಮುಂಚೆ ಪೇಪರು ಓದುವುದು ಉದ್ದವಿತ್ತು. ಮೂವರೂ ಒಟ್ಟಿಗೆ ಉಣ್ಣುತ್ತೇವೆ. ಅದೇ ಪುಡಿ, ಅದೇ ಕೊತ್ತಂಬರಿ ನೀರು ಈಗ ಹಿಡಿಯುತ್ತಿದೆ. ಉಂಡ ಮೇಲೆ ವಜ್ರಾಸನದಲ್ಲಿ ಕೂರುತ್ತೇನೆ, ಪಾತ್ರೆ ಕಾಯುತ್ತವೆ.

ನೀನು ಅಲ್ಲಿ ಅತ್ತೆಯ ಜೊತೆ ಮೂರರವರೆಗೆ ಹಸಿದು ಕೂರುತ್ತೀಯಂತೆ. ನಿನ್ನ ಗಂಡ ಗುರುಚರಣನೇ ಬಾಯಿ ತಪ್ಪಿ ಹೇಳಿದ. ಅದನ್ನು ಸಹನೆ ಎಂದು ಯಾರಾದರೂ ಹೊಗಳಿದರೆ ನಂಬಬೇಡ. ನನ್ನನ್ನೂ ಹೊಗಳಿದ್ದರು. ಹೊಟ್ಟೆ ನಿನ್ನದು, ಹಸಿವು ನಿನ್ನದು, ಉತ್ತರವನ್ನೂ ನೀನೇ ಹೇಳು.

ಉಂಡು, ನಿನ್ನನ್ನೇ ನೆನೆಯುತ್ತಿರುವ
ನಿನ್ನ ಅಮ್ಮ,
ಶ್ರೀಪ್ರಿಯಾ

ತಾ.ಕ.: ಮಡಿಚಿದ ಕಾಗದ ಮತ್ತೆ ಬಿಡಿಸಿದೆ. ಗುಟ್ಟಾಗಿರಲಿ ಎಂದು ಬರೆದದ್ದು ತಪ್ಪು. ನಿನ್ನ ಮದುವೆಯ ದಿನ ಕೊನೆಯ ಪಂಕ್ತಿಯೂ ಎದ್ದ ಮೇಲೆ ನಿಮ್ಮತ್ತೆ ಜಯಲಕ್ಷ್ಮಿಯವರು ಛತ್ರದ ಹಿಂದೆ ಗೋಡೆಗೆ ಒರಗಿ, ಎದೆ ಒತ್ತಿಕೊಂಡು ತಣ್ಣನೆ ಹಾಲು ಕುಡಿಯುತ್ತಿದ್ದರು. ನನ್ನನ್ನು ಕಂಡು "ಒಣ್ಣೂ ಇಲ್ಲ" ಎಂದರು. ಅಪ್ಪ ತರುವ ಚೀಲದಲ್ಲಿ ಪುಡಿಯ ಎರಡು ಡಬ್ಬಿಗಳಿವೆ, ಒಂದು ಅವರಿಗೆ. ಮೊದಲು ಇಬ್ಬರಿಗೂ ತಟ್ಟೆ ಹಾಕು. ಆಮೇಲೆ ಈ ಪತ್ರವನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳು.